ಹಿಟ್ಟಿನೊಳಗಣ ಹೆಪ್ಪು

ಹಾಲು ಮೊಸರಾಗಬೇಕಾದರೆ ಹೆಪ್ಪು ಬೇಕು. ಈ ದಿನದ ಹೆಪ್ಪು ನಿನ್ನೆಯ ಮೊಸರಿನಿಂದ ಬಂದುದು. ನಿನ್ನೆಯ ಮೊಸರು ಮೊನ್ನೆಯ ಹೆಪ್ಪಿನಿಂದ ಆದುದು. ಹೀಗೆ ಹಿಂದೆ ಹಿಂದೆ ಹೋಗುತ್ತ ಮೊಟ್ಟಮೊದಲಿನ ಹೆಪ್ಪು ಎಲ್ಲಿಂದ ಬಂತೆಂದು ಕೇಳಿದರೆ, ಹಾಲಿನ ಮಟ್ಟಿಗೆ ಮನೆಯಲ್ಲಿ ಉತ್ತರ ದೊರೆಯುವುದು ಕಷ್ಟ. ನಾವು ಹಾಲನ್ನು ಕಾಯಿಸಿಬಿಡುತ್ತೇವೆ. ಅದರಲ್ಲಿದ್ದ ಜೀವಿಗಳು ಬಹುಮಟ್ಟಿಗೆ ಸತ್ತುಹೋಗುತ್ತವೆ. ಆದರೆ ಹಿಟ್ಟನ್ನು ಯಾರೂ ಕಾಯಿಸಿ ಇಡುವುದಿಲ್ಲ. ಆದುದರಿಂದ ಒಂದು ಹಿಡಿ ಗೋದಿಹಿಟ್ಟು, ಅದರಷ್ಟೇ ತೂಕದ ನೀರು, ಒಂದು ಗಾಜಿನ ಭರಣಿ, ಇಷ್ಟಿದ್ದರೆ ಹೆಪ್ಪಿಲ್ಲದೆಯೇ ಹೆಪ್ಪು ಹುಟ್ಟುವ ಬಗೆಯನ್ನು ಎರಡು ವಾರಗಳೊಳಗಾಗಿ ಕಣ್ಣಾರೆ ಕಾಣಬಹುದು.

ಹೀಗೆ ಹುಟ್ಟಿದ ಹುಳಿಹಿಟ್ಟಿನ ಹೆಪ್ಪಿನಿಂದ ಬ್ರೆಡ್ಡನ್ನು ಉಬ್ಬಿಸುವ ಪದ್ಧತಿ ಬಹಳ ಹಳೆಯದು. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿದ್ದ ರೋಮಿನ ಪ್ಲಿನಿಯು, ಜನರು ಹಿಂದಿನ ದಿನದ ಕಣಕದಲ್ಲಿ ಸ್ವಲ್ಪ ಉಳಿಸಿಕೊಂಡು ಮರುದಿನದ ಕಣಕಕ್ಕೆ ಬೆರೆಸುತ್ತಿದ್ದರೆಂದು ಬರೆದಿದ್ದಾನೆ. ಕಾರ್ಖಾನೆಯಲ್ಲಿ ತಯಾರಾದ ಯೀಸ್ಟು ಹತ್ತೊಂಬತ್ತನೆಯ ಶತಮಾನದಲ್ಲಿ ಮಾರಾಟಕ್ಕೆ ಬಂದ ಮೇಲೆ ಈ ಪದ್ಧತಿ ಹಿಂದೆ ಸರಿಯಿತು. ಈಚಿನ ವರ್ಷಗಳಲ್ಲಿ ಇದು ‘ಸೌರ್‌ಡೋ’ ಎಂಬ ಹೆಸರಿನಿಂದ ಮತ್ತೆ ಮನೆಮನೆಗೆ ಬಂದಿದೆ. ಬಂದುದೇನೋ ಸರಿಯೆ, ಆದರೆ ಅದರೊಡನೆ ಬಂದ ಪಾಠಗಳೆಲ್ಲ ಚಳಿದೇಶದವು. ‘ಕೋಣೆಯ ಉಷ್ಣಮಾನದಲ್ಲಿ ಹನ್ನೆರಡು ಗಂಟೆ ಇಡಿರಿ’ ಎಂದು ಅಲ್ಲಿಯವರು ಬರೆದರೆ ಅವರ ಕೋಣೆ 20 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಹುಬ್ಬಳ್ಳಿ ಧಾರವಾಡಗಳ ನಡುವೆ ಹೆದ್ದಾರಿಯ ಮೇಲಿರುವ ಬೈರಿದೇವರಕೊಪ್ಪದಲ್ಲಿ ಚೈತ್ರ ವೈಶಾಖಗಳ ಮಧ್ಯಾಹ್ನ 35 ಡಿಗ್ರಿಯನ್ನು ದಾಟುವುದು ಸಾಮಾನ್ಯ ಸಂಗತಿ. ಅಲ್ಲಿಯ ಅಡುಗೆಮನೆಯೊಂದರಲ್ಲಿ ಆ ಹನ್ನೆರಡು ಗಂಟೆಯ ಮಾತನ್ನು ನಂಬಿದವರಿಗೆ ದೊರೆಯುವುದು ಹೆಪ್ಪಲ್ಲ, ಮೂಗು ಮುಚ್ಚಿಕೊಳ್ಳಬೇಕಾದ ಗಂಜಿ. ಆದಕಾರಣ ಈ ಪಾಠದ ಗಡಿಯಾರವನ್ನು ನಾವು ಬೈರಿದೇವರಕೊಪ್ಪಕ್ಕೆ ಹೊಂದಿಸಿ ಹೇಳುತ್ತೇವೆ. ಬಯಲುಸೀಮೆಯ ಇತರ ಊರುಗಳವರಿಗೂ ಇದು ಹೆಚ್ಚುಕಡಿಮೆ ಸಲ್ಲುತ್ತದೆ.

ನಮ್ಮ ಮನೆಗಳ ಹುಳಿ

ಹುದುಗಿಸುವ ವಿದ್ಯೆ ಈ ಭಾಗದವರಿಗೆ ಹೊಸದೇನಲ್ಲ. ಜೋಳದ ಹಿಟ್ಟನ್ನು ನೀರಿನಲ್ಲಾಗಲಿ ಮಜ್ಜಿಗೆಯಲ್ಲಾಗಲಿ ಕಲಸಿ ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ಕುದಿಸಿ ಅಂಬಲಿ ಮಾಡುತ್ತಾರೆ. ಜಾತ್ರೆಯಲ್ಲಿ ಜಿಲೇಬಿ ಹಾಕುವವನ ಹಿಟ್ಟು ಹಿಂದಿನ ದಿನವೇ ಕಲಸಿ ಹುಳಿ ಬರಿಸಿದುದು. ಇಡ್ಲಿಯ ಮಾತಂತೂ ಹೇಳಬೇಕಾದುದೇ ಇಲ್ಲ. ‘ಇಡ್ಡಲಿಗೆ’ ಎಂಬ ಹೆಸರು ಹತ್ತನೆಯ ಶತಮಾನದ ವಡ್ಡಾರಾಧನೆಯಷ್ಟು ಹಿಂದೆಯೇ ಕನ್ನಡದಲ್ಲಿ ಕಾಣಿಸುತ್ತದೆ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಅಕ್ಕಿಯ ಹಿಟ್ಟಿಗೆ ಕಳ್ಳು ಬೆರೆಸಿ ಸಾನ್ನಾ ಮಾಡುತ್ತಾರೆ. ಗೋವೆಯ ಪಾವುಗಾರರೂ ಹಿಂದೆ ಕಳ್ಳಿನಿಂದಲೇ ಹಿಟ್ಟನ್ನು ಉಬ್ಬಿಸುತ್ತಿದ್ದರು. ಕಳ್ಳಿನಲ್ಲಿರುವುದೂ ಕಾಡುಯೀಸ್ಟೇ.

ಇವೆಲ್ಲವೂ ಹುಳಿಯಾಗುತ್ತವೆ, ಆದರೆ ಒಂದೇ ರೀತಿಯಾಗಿ ಉಬ್ಬುವುದಿಲ್ಲ. ಏಕೆ? ಹಿಟ್ಟು ಉಬ್ಬಬೇಕಾದರೆ ಎರಡು ಸಂಗತಿಗಳು ಕೂಡಿಬರಬೇಕು. ಒಳಗೆ ವಾಯು ಉತ್ಪತ್ತಿಯಾಗಬೇಕು. ಆ ವಾಯುವನ್ನು ಹಿಡಿದಿಡುವ ಬಲೆಯೊಂದಿರಬೇಕು. ಜೋಳದ ಅಂಬಲಿಯಲ್ಲಿಯೂ ವಾಯು ಹುಟ್ಟುತ್ತದೆ, ಆದರೆ ಜೋಳದಲ್ಲಿ ಬಲೆಯಿಲ್ಲ. ಗುಳ್ಳೆಗಳು ಮೇಲೆ ಬಂದು ಒಡೆದುಹೋಗುತ್ತವೆ, ಹುಳಿ ಮಾತ್ರ ಉಳಿಯುತ್ತದೆ. ಇಡ್ಲಿಯ ಹಿಟ್ಟಿನಲ್ಲಿ ಉದ್ದಿನ ಲೋಳೆಯೂ ಅದರ ಸಸಾರಜನಕವೂ ಆ ಕೆಲಸ ಮಾಡುತ್ತವೆ. ಗೋದಿಯಲ್ಲಿ ಗ್ಲುಟೆನ್ ಎಂಬ ಅಂಟುಪದಾರ್ಥವಿದೆ. ನಾದಿದ ಕಣಕವನ್ನು ಎಳೆದರೆ ಹರಿಯದೆ ಹಿಗ್ಗುವುದು ಇದರಿಂದಲೇ.

ಇನ್ನು ವಾಯುವನ್ನು ಹುಟ್ಟಿಸುವವರು ಯಾರು? ಇಲ್ಲಿ ಒಂದು ಸ್ವಾರಸ್ಯವಿದೆ. ಇಡ್ಲಿಯನ್ನು ಉಬ್ಬಿಸುವುದು ಯೀಸ್ಟೇ ಇರಬೇಕೆಂದು ಸಾಮಾನ್ಯವಾಗಿ ಊಹಿಸುತ್ತಾರೆ. ಆದರೆ 1965ರಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮತ್ತು ಅವರ ಸಂಗಡಿಗರು ಪ್ರಕಟಿಸಿದ ಸಂಶೋಧನೆಯು, ಮುಖ್ಯವಾಗಿ ಆ ಕೆಲಸ ಮಾಡುವುದು ಲ್ಯೂಕೊನೊಸ್ಟಾಕ್ ಮೆಸೆಂಟರಾಯ್ಡಿಸ್ ಎಂಬ ಬ್ಯಾಕ್ಟೀರಿಯವೆಂದು ತೋರಿಸಿತು. ಅದು ಆಮ್ಲವನ್ನೂ ವಾಯುವನ್ನೂ ಒಟ್ಟಿಗೆ ಬಿಡುಗಡೆ ಮಾಡುತ್ತದೆ. ಈ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಇಡ್ಲಿಯಲ್ಲಿ ನಮಗೆ ಉಪಕಾರ ಮಾಡುವ ಇದೇ ಬಳಗದ ಜೀವಿಗಳು ಗೋದಿಯ ಹೆಪ್ಪಿನಲ್ಲಿ ನಮ್ಮನ್ನು ಹೇಗೆ ಮೋಸಗೊಳಿಸುತ್ತವೆಂಬುದನ್ನು ಮುಂದೆ ನೋಡೋಣ.

ಜೀವಿಗಳು ಬರುವುದೆಲ್ಲಿಂದ?

‘ಗಾಳಿಯಲ್ಲಿರುವ ಯೀಸ್ಟನ್ನು ಹಿಡಿಯುವುದು’ ಎಂಬ ಮಾತು ಬಹಳ ಪ್ರಚಾರದಲ್ಲಿದೆ. ಮಾತು ಚೆನ್ನಾಗಿದೆ, ಆದರೆ ನಿಜವಲ್ಲ. ಗಾಳಿಯಿಂದ ಭರಣಿಗೆ ಬೀಳುವ ಜೀವಿಗಳು ಅತ್ಯಲ್ಪ. ತೆನೆಯು ಹೊಲದಲ್ಲಿ ನಿಂತಿರುವಾಗಲೇ ಕಾಳಿನ ಸಿಪ್ಪೆಯ ಮೇಲೆ ಬ್ಯಾಕ್ಟೀರಿಯ, ಯೀಸ್ಟು, ಬೂಷ್ಟುಗಳು ನೆಲಸಿರುತ್ತವೆ. ಗಿರಣಿಯಲ್ಲಿ ಬೀಸಿದಾಗ ಅವು ಹಿಟ್ಟಿನೊಳಗೆ ಬರುತ್ತವೆ. ಒಂದು ಗ್ರಾಂ ಹಿಟ್ಟಿನಲ್ಲಿ ಇಂಥವು ಸಾವಿರಗಟ್ಟಲೆ, ಕೆಲವೊಮ್ಮೆ ಲಕ್ಷಗಟ್ಟಲೆ ಇರುತ್ತವೆ. ಯೀಸ್ಟಿನ ಪಾಲು ಅದರಲ್ಲಿ ಬಹಳ ಚಿಕ್ಕದು. ಸಿಪ್ಪೆಯ ಸಮೇತ ಬೀಸಿದ ಹಿಟ್ಟು ಮೈದಾಕ್ಕಿಂತ ಬೇಗ ಹುದುಗುವುದಕ್ಕೆ ಇದೂ ಒಂದು ಕಾರಣ.

ಕೈಯೂ ಸೇರುತ್ತದೆ. ಬೆಲ್ಜಿಯಮ್ಮಿನಲ್ಲಿ ನಡೆಸಿ 2020ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 15 ಮಂದಿ ಬೇಕರಿಗರಿಗೆ ಒಂದೇ ಹಿಟ್ಟನ್ನು ಕೊಟ್ಟು ಹೆಪ್ಪು ಮಾಡಿಸಲಾಯಿತು. ಹೆಪ್ಪುಗಳು ಒಂದೇ ತೆರನಾಗಿರಲಿಲ್ಲ. ಅಲ್ಲದೆ, ಹಿಟ್ಟನ್ನು ಹುಳಿ ಮಾಡುವ ಬ್ಯಾಕ್ಟೀರಿಯಗಳು ಆ ಬೇಕರಿಗರ ಅಂಗೈಗಳಲ್ಲಿಯೂ ವಿಶೇಷವಾಗಿ ಕಂಡುಬಂದುವು. ಕೈಯಿಂದ ಹಿಟ್ಟಿಗೋ ಹಿಟ್ಟಿನಿಂದ ಕೈಗೋ ಎಂದರೆ ಎರಡೂ ಹೌದೆನ್ನಬೇಕು.

ಊರಿನ ಪ್ರಭಾವ ಎಷ್ಟು? ಅಮೆರಿಕದ ಸಾನ್ ಫ್ರಾನ್ಸಿಸ್ಕೊ ನಗರದವರು ತಮ್ಮ ಬ್ರೆಡ್ಡಿನ ರುಚಿ ತಮ್ಮ ಊರಿನ ಹವೆಯದೆಂದು ಹೆಮ್ಮೆಪಡುತ್ತಿದ್ದರು. 1971ರಲ್ಲಿ ಕ್ಲೈನ್ ಮತ್ತು ಸುಗಿಹಾರ ಎಂಬವರು ಅದರಲ್ಲಿದ್ದ ಬ್ಯಾಕ್ಟೀರಿಯವನ್ನು ಬೇರ್ಪಡಿಸಿ ಅದಕ್ಕೆ ಆ ನಗರದ ಹೆಸರನ್ನೇ ಇಟ್ಟರು. ಅನಂತರ ಅದೇ ಜೀವಿ ಯೂರೋಪಿನ ಎಷ್ಟೋ ಹೆಪ್ಪುಗಳಲ್ಲಿ ದೊರೆಯಿತು. 2021ರಲ್ಲಿ ನಾಲ್ಕು ಖಂಡಗಳ 500 ಹೆಪ್ಪುಗಳನ್ನು ಪರೀಕ್ಷಿಸಿ ಪ್ರಕಟಿಸಿದ ಅಧ್ಯಯನವು, ಊರಿಗೂ ಹೆಪ್ಪಿನ ಜೀವಿಗಳಿಗೂ ಇರುವ ಸಂಬಂಧ ದುರ್ಬಲವೆಂದು ತಿಳಿಸಿತು. ಆದುದರಿಂದ ವಿದೇಶದ ನೂರು ವರ್ಷದ ಹೆಪ್ಪೆಂದು ಯಾರಾದರೂ ಹಣ ಕೇಳಿದರೆ ಕೊಡಬೇಕಾದುದಿಲ್ಲ. ಪಕ್ಕದ ಅಮರಗೋಳದ ಕೃಷಿ ಮಾರುಕಟ್ಟೆಗೆ ಬಂದ ಗೋದಿಯಲ್ಲಿ ಬೇಕಾದುದೆಲ್ಲ ಇದೆ.

ಮಾಡುವ ಕ್ರಮ

ಭರಣಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿರಿ. ಗಿರಣಿಯಲ್ಲಿ ಈಚೆಗೆ ಬೀಸಿಸಿದ 50 ಗ್ರಾಂ ಗೋದಿಹಿಟ್ಟಿಗೆ 50 ಗ್ರಾಂ ನೀರು ಬೆರೆಸಿ ಗಂಟಿಲ್ಲದಂತೆ ಕಲಸಿರಿ. ನಳದ ನೀರಿನಲ್ಲಿ ಕ್ಲೋರಿನ್ ಬೆರೆತಿರುವುದರಿಂದ ಕಾಯಿಸಿ ಆರಿಸಿದ ನೀರು ಉತ್ತಮ. ಮುಚ್ಚಳವನ್ನು ಬಿಗಿಮಾಡಬೇಡಿರಿ, ಒಳಗೆ ಹುಟ್ಟುವ ವಾಯುವಿಗೆ ದಾರಿಯಿಲ್ಲದಿದ್ದರೆ ಗಾಜು ಸಿಡಿಯುವ ಅಪಾಯವುಂಟು. ಹಿಟ್ಟಿನ ಮಟ್ಟಕ್ಕೆ ಸರಿಯಾಗಿ ಭರಣಿಯ ಹೊರಗೆ ಒಂದು ದಾರ ಕಟ್ಟಿರಿ. ಈ ದಾರವೇ ನಮ್ಮ ಮಾಪಕ.

ಮೊದಲನೆಯ ದಿನ ಕಾಣುವುದು ಏನೂ ಇಲ್ಲ. ಎರಡನೆಯ ದಿನ, ಸೆಕೆಗಾಲವಾದರೆ ಮೊದಲನೆಯ ದಿನದ ಸಂಜೆಗೇ, ಹಿಟ್ಟು ದಾರವನ್ನು ದಾಟಿ ಮೇಲೆ ಬರುತ್ತದೆ. ಕೆಲವೊಮ್ಮೆ ಉಕ್ಕಿ ಚೆಲ್ಲುವುದೂ ಉಂಟು. ಹೆಪ್ಪು ಸಿದ್ಧವಾಯಿತೆಂದು ಹಿಗ್ಗಿ ಅಂದೇ ಕಣಕ ಕಲಸುವವರು ಬಹಳ. ಆ ಕಣಕ ಏಳುವುದಿಲ್ಲ. ಅಷ್ಟೇ ಆಗಿದ್ದರೆ ಹಿಟ್ಟು ನಷ್ಟವೆಂದು ಸುಮ್ಮನಿರಬಹುದಾಗಿತ್ತು. ವಿಷಯ ಅದಕ್ಕಿಂತ ಗಂಭೀರವಾದುದು.

ಈ ಮೊದಲ ಉಬ್ಬು ಯೀಸ್ಟಿನದಲ್ಲ. ನೀರು ಬಿದ್ದ ಕೂಡಲೇ ಹಿಟ್ಟು ಹುಳಿಯಾಗಿರುವುದಿಲ್ಲ; ಅದರ ಪಿ.ಎಚ್. ಸುಮಾರು 6. ಆ ಸ್ಥಿತಿಯಲ್ಲಿ ಬೇಗ ಬೇಗ ವೃದ್ಧಿಯಾಗಬಲ್ಲ ಬ್ಯಾಕ್ಟೀರಿಯಗಳೆಲ್ಲ ಒಮ್ಮೆಗೇ ಮೇಲೇಳುತ್ತವೆ. ನಾವು ಆಗಲೇ ಹೆಸರಿಸಿದ ಲ್ಯೂಕೊನೊಸ್ಟಾಕ್ ಅವುಗಳಲ್ಲೊಂದು. ಇಡ್ಲಿಯ ಹಿಟ್ಟಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಅದು ವಾಯುವನ್ನು ಬಿಡುತ್ತದೆ. ಆದರೆ ಅದರ ಜೊತೆಯಲ್ಲಿ ಎಂಟರೊಬ್ಯಾಕ್ಟೀರಿಯ ಎಂಬ ದೊಡ್ಡ ಕುಟುಂಬದವೂ ಇರುತ್ತವೆ. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಗಳ ಬಂಧುಗಳು ಇವು. ಇವುಗಳಲ್ಲಿ ರೋಗಕಾರಕಗಳೂ ಇರಬಹುದು. ಮೊದಲ ದಿನಗಳಲ್ಲಿ ಬರುವ ಕೊಳೆತ ಸೊಪ್ಪಿನಂಥ ದುರ್ವಾಸನೆ ಈ ಗುಂಪಿನ ಕೆಲಸ. ಆದಕಾರಣ ಮೊದಲನೆಯ ವಾರದಲ್ಲಿ ಈ ಹಿಟ್ಟನ್ನು ರುಚಿ ನೋಡಬಾರದು, ತೆಗೆದ ಭಾಗವನ್ನು ದೋಸೆಗೂ ಬೆರೆಸಬಾರದು, ತಿಪ್ಪೆಗೆ ಹಾಕಬೇಕು. ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು.

ಮೂರನೆಯ ಅಥವಾ ನಾಲ್ಕನೆಯ ದಿನ ಚಟುವಟಿಕೆ ನಿಂತುಬಿಡುತ್ತದೆ. ಗುಳ್ಳೆಗಳಿಲ್ಲ, ಉಬ್ಬಿಲ್ಲ, ಸತ್ತಿತೆಂದೇ ತೋರುತ್ತದೆ. ಬಹುಮಂದಿ ಭರಣಿಯನ್ನು ಚೆಲ್ಲಿ ಮತ್ತೆ ಮೊದಲಿನಿಂದ ಆರಂಭಿಸುವುದು ಈ ಘಟ್ಟದಲ್ಲಿಯೇ. ಅವರು ಚೆಲ್ಲುವುದು ಸರಿಯಾಗಿ ನಡೆಯುತ್ತಿರುವ ಕೆಲಸವನ್ನು. ಮೊದಲ ಗುಂಪಿನ ಜೀವಿಗಳು ತಾವೇ ಹುಟ್ಟಿಸಿದ ಆಮ್ಲದಲ್ಲಿ ಬಾಳಲಾರದೆ ಹಿಂದೆಗೆಯುತ್ತವೆ. ಪಿ.ಎಚ್. 4.5ಕ್ಕಿಂತ ಕೆಳಗಿಳಿದಂತೆ ಎಂಟರೊಬ್ಯಾಕ್ಟೀರಿಯಗಳ ಸಂಖ್ಯೆ ಕುಸಿಯುತ್ತದೆ. ಅವು ಬಿಟ್ಟ ಜಾಗಕ್ಕೆ ಹುಳಿಯನ್ನು ಚೆನ್ನಾಗಿ ತಾಳುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಗಳು ಬರುತ್ತವೆ, ಪಿ.ಎಚ್. 4ರ ಕೆಳಗೆ ಇಳಿಯುತ್ತದೆ. ಅಲ್ಲಿಯ ತನಕ ಸಂಖ್ಯೆಯಲ್ಲಿ ಅಲ್ಪವಾಗಿದ್ದ ಯೀಸ್ಟು ಈಗ ತಲೆಯೆತ್ತುತ್ತದೆ. ಅದಕ್ಕೆ ಈ ಹುಳಿಯಿಂದ ತೊಂದರೆಯಿಲ್ಲ. ಒಂದು ಸಮುದಾಯ ನೆಲವನ್ನು ಬದಲಾಯಿಸಿ ಮುಂದಿನ ಸಮುದಾಯಕ್ಕೆ ಬಿಟ್ಟುಕೊಡುವ ಈ ಕ್ರಮವನ್ನು ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ‘ಅನುಕ್ರಮಣ’ ಎಂಬ ಹೆಸರಿನಿಂದ ಬಲ್ಲರು. ಬರಿಯ ಬಂಡೆಯ ಮೇಲೆ ಕಲ್ಲುಹೂವು, ಹಾವಸೆ, ಹುಲ್ಲು, ಪೊದೆ ಎಂದು ಕಾಡು ಬೆಳೆಯಲು ಶತಮಾನಗಳು ಬೇಕು. ಭರಣಿಯಲ್ಲಿ ಹತ್ತು ದಿನ ಸಾಕು.

ಹಾಗಾದರೆ ನಮ್ಮ ಕೆಲಸವೇನು? ಉಣಿಸುವುದು. ಎರಡನೆಯ ದಿನದಿಂದ ಪ್ರತಿದಿನವೂ ಭರಣಿಯಲ್ಲಿ 30 ಗ್ರಾಂ ಮಾತ್ರ ಉಳಿಸಿ, 30 ಗ್ರಾಂ ಹೊಸ ಹಿಟ್ಟು, 30 ಗ್ರಾಂ ನೀರು ಬೆರೆಸಿರಿ. ದಾರವನ್ನು ಹೊಸ ಮಟ್ಟಕ್ಕೆ ಸರಿಸಿರಿ. ಚಟುವಟಿಕೆ ನಿಂತ ದಿನಗಳಲ್ಲಿಯೂ ಇದನ್ನು ಬಿಡಬಾರದು, ಆದರೆ ಆಗ ದಿನಕ್ಕೆ ಒಂದು ಸಲಕ್ಕಿಂತ ಹೆಚ್ಚು ಮಾಡಲೂಬಾರದು. ಹೊಸ ಹಿಟ್ಟು ಅತಿಯಾದರೆ ಕೂಡಿಬಂದ ಹುಳಿ ತೆಳುವಾಗಿ, ಮೊದಲ ಗುಂಪಿನವು ಮತ್ತೆ ತಲೆಯೆತ್ತಲು ಎಡೆಯಾಗುತ್ತದೆ. ಆರನೆಯ ಏಳನೆಯ ದಿನದ ಹೊತ್ತಿಗೆ ವಾಸನೆ ಬದಲಾಗುತ್ತದೆ: ಮಜ್ಜಿಗೆಯ ಹುಳಿ, ಅದರೊಡನೆ ಮಾಗಿದ ಹಣ್ಣಿನ ನವಿರಾದ ಗಂಧ. ಉಣಿಸಿದ ನಾಲ್ಕಾರು ಗಂಟೆಗಳಲ್ಲಿ ದಾರದಿಂದ ಎರಡರಷ್ಟು ಮೇಲೆ ಬಂದು, ಹೀಗೆ ಸತತವಾಗಿ ಮೂರು ದಿನ ನಡೆದರೆ ಹೆಪ್ಪು ಸಿದ್ಧವೆಂದು ತಿಳಿಯಬೇಕು. ನೀರಿನಲ್ಲಿ ತೇಲಿಸಿ ನೋಡುವ ಪರೀಕ್ಷೆಯನ್ನು ಕೆಲವರು ಹೇಳುತ್ತಾರೆ. ಸಿಪ್ಪೆಯ ಹಿಟ್ಟಿಗೆ ಅದು ನಂಬಲರ್ಹವಲ್ಲ; ಒಳ್ಳೆಯ ಹೆಪ್ಪೂ ಮುಳುಗುವುದುಂಟು. ದಾರವನ್ನು ನಂಬಿರಿ.

ಗುಲಾಬಿ ಅಥವಾ ಕಿತ್ತಳೆ ಬಣ್ಣದ ಗೆರೆಗಳು ಕಂಡರೆ, ಇಲ್ಲವೆ ನೂಲಿನಂಥ ಬೂಷ್ಟು ಬಂದಿದ್ದರೆ, ಮೇಲಿನದನ್ನು ಕೆರೆದು ಉಳಿದುದನ್ನು ಇಟ್ಟುಕೊಳ್ಳುವ ಜಿಪುಣತನ ಬೇಡ. ಎಲ್ಲವನ್ನೂ ಚೆಲ್ಲಿ ಭರಣಿಯನ್ನು ಕುದಿನೀರಿನಲ್ಲಿ ತೊಳೆಯಿರಿ. ಮೇಲೆ ನಿಲ್ಲುವ ಬೂದುಬಣ್ಣದ ತಿಳಿನೀರು ಮಾತ್ರ ದೋಷವಲ್ಲ, ಹಸಿವೆಯ ಸೂಚನೆ.

ಒಳಗಿನ ಪಾಲುದಾರಿಕೆ

ಹಿಟ್ಟಿನ ಬಹುಭಾಗ ಪಿಷ್ಟ. ಯೀಸ್ಟಿಗಾಗಲಿ ಈ ಬ್ಯಾಕ್ಟೀರಿಯಗಳಿಗಾಗಲಿ ಪಿಷ್ಟವನ್ನು ನೇರವಾಗಿ ಅರಗಿಸುವ ಶಕ್ತಿ ಸಾಮಾನ್ಯವಾಗಿ ಇಲ್ಲ. ಕಾಳಿನಲ್ಲಿಯೇ ಇರುವ ಅಮೈಲೇಸ್ ಎಂಬ ಕಿಣ್ವವು ನೀರು ಸೋಕಿದೊಡನೆ ಪಿಷ್ಟವನ್ನು ಮುರಿದು ಮಾಲ್ಟೋಸ್ ಎಂಬ ಶರ್ಕರವನ್ನು ಒದಗಿಸುತ್ತದೆ. ನಮ್ಮ ಗಿರಣಿಯ ಕಲ್ಲುಗಳು ಪಿಷ್ಟದ ಕಣಗಳನ್ನು ಜಜ್ಜಿಬಿಡುವುದರಿಂದ ನಮ್ಮ ಹಿಟ್ಟು ನೀರನ್ನು ಹೆಚ್ಚು ಹೀರುತ್ತದೆ. ಕಿಣ್ವಕ್ಕೂ ಸುಲಭವಾಗಿ ಸಿಕ್ಕುತ್ತದೆ. ಚಳಿದೇಶದ ಪಾಠ ನಮಗೆ ಹೊಂದದಿರುವುದಕ್ಕೆ ಇದು ಎರಡನೆಯ ಕಾರಣ.

ಸಾನ್ ಫ್ರಾನ್ಸಿಸ್ಕೊದ ಹೆಪ್ಪಿನಲ್ಲಿ ಕಂಡ ಏರ್ಪಾಡು ಬಹಳ ಚೆಂದದ್ದು. ಅಲ್ಲಿಯ ಯೀಸ್ಟಿಗೆ ಮಾಲ್ಟೋಸ್ ಬೇಡ, ಅಲ್ಲಿಯ ಬ್ಯಾಕ್ಟೀರಿಯಕ್ಕೆ ಅದೇ ಪ್ರಿಯ. ಬ್ಯಾಕ್ಟೀರಿಯವು ಮಾಲ್ಟೋಸನ್ನು ಒಡೆದು ತನಗೆ ಹೆಚ್ಚಾದ ಗ್ಲೂಕೋಸನ್ನು ಹೊರಗೆ ಬಿಡುತ್ತದೆ. ಯೀಸ್ಟು ಅದನ್ನು ತಿನ್ನುತ್ತದೆ. ಒಂದೇ ತಾಟಿನಲ್ಲಿ ಉಂಡರೂ ಇಬ್ಬರ ಕೈ ಒಂದೇ ತುತ್ತಿಗೆ ಹೋಗುವುದಿಲ್ಲ. ಎಲ್ಲ ಹೆಪ್ಪುಗಳಲ್ಲಿಯೂ ಇದೇ ಜೋಡಿ ಇರುವುದಿಲ್ಲ. ಅನೇಕ ಮನೆಗಳ ಹೆಪ್ಪಿನಲ್ಲಿ ಇರುವುದು ಬೇಕರಿಯ ಯೀಸ್ಟಿನ ಜಾತಿಯೇ ಆದ ಸ್ಯಾಕರೊಮೈಸಿಸ್ ಸೆರೆವಿಸಿಯೇ. ಅದು ಮಾಲ್ಟೋಸನ್ನೂ ತಿನ್ನುತ್ತದೆ.

ಯೀಸ್ಟು ಶರ್ಕರವನ್ನು ಮದ್ಯಸಾರವಾಗಿಯೂ ಇಂಗಾಲಾಮ್ಲವಾಯುವಾಗಿಯೂ, ಅಂದರೆ ಇಂಗಾಲದ ಡೈ ಆಕ್ಸೈಡಾಗಿಯೂ, ಮಾರ್ಪಡಿಸುತ್ತದೆ. ಬ್ರೆಡ್ಡನ್ನು ಉಬ್ಬಿಸುವುದು ಈ ವಾಯು. ಮದ್ಯಸಾರವು ಬೇಯುವಾಗ ಬಹುಮಟ್ಟಿಗೆ ಹಾರಿಹೋಗುತ್ತದೆ. ಬ್ಯಾಕ್ಟೀರಿಯಗಳು ಲ್ಯಾಕ್ಟಿಕ್ ಆಮ್ಲವನ್ನೂ ಸ್ವಲ್ಪ ಅಸೆಟಿಕ್ ಆಮ್ಲವನ್ನೂ ಮಾಡುತ್ತವೆ. ಒಂದು ಮೊಸರಿನ ಹುಳಿ, ಇನ್ನೊಂದು ಸಿರ್ಕಾದ್ದು. ಹುದುಗುವಿಕೆಯು ಜೀವಿಗಳ ಕಾರ್ಯವೆಂದು 1857ರಿಂದ ಮುಂದಕ್ಕೆ ಪಾಸ್ತರನು ತೋರಿಸಿಕೊಡುವ ತನಕ, ಇದು ಕೇವಲ ರಸಾಯನ ಕ್ರಿಯೆಯೆಂದೇ ದೊಡ್ಡ ದೊಡ್ಡ ವಿದ್ವಾಂಸರು ವಾದಿಸುತ್ತಿದ್ದರು.

ಸೆಕೆಯ ಲೆಕ್ಕ

ಈಗ ಬೈರಿದೇವರಕೊಪ್ಪದ ಬೇಸಗೆಗೆ ಬರೋಣ. ಜರ್ಮನಿಯ ಹೋಹೆನ್‌ಹೈಮ್ ವಿಶ್ವವಿದ್ಯಾಲಯದವರು 1998ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಹೆಪ್ಪಿನ ಯೀಸ್ಟು ಅತ್ಯಂತ ವೇಗವಾಗಿ ಬೆಳೆಯುವುದು ಸುಮಾರು 27 ಡಿಗ್ರಿಯಲ್ಲಿ. ಅದರ ಜೊತೆಗಾರ ಬ್ಯಾಕ್ಟೀರಿಯ ಬೆಳೆಯುವುದು ಸುಮಾರು 32ರಲ್ಲಿ. 35 ದಾಟಿದಾಗ ಆ ಯೀಸ್ಟು ಬಹುತೇಕ ನಿಂತುಬಿಡುತ್ತದೆ. ಬೇಕರಿಯ ಯೀಸ್ಟಿನ ಜಾತಿಯದು ಇದಕ್ಕಿಂತ ಸ್ವಲ್ಪ ಹೆಚ್ಚು ಸೆಕೆಯನ್ನು ಸಹಿಸುತ್ತದೆಯಾದರೂ ವಿಷಯದ ತಿರುಳು ಒಂದೇ: 27ರ ಆಚೆ ಪ್ರತಿ ಡಿಗ್ರಿಯೂ ಬ್ಯಾಕ್ಟೀರಿಯದ ಕಡೆಗೆ ವಾಲುತ್ತದೆ. ವಾಯುವಿಗಿಂತ ಹುಳಿ ಮುಂದೆ ಓಡುತ್ತದೆ. ಅತಿಯಾದ ಹುಳಿ ಗ್ಲುಟೆನ್ನಿನ ಬಲೆಯನ್ನೂ ಸಡಿಲಿಸುತ್ತದೆ. ಎದ್ದ ಕಣಕ ಕುಸಿದು ಅಂಟಂಟಾಗುತ್ತದೆ. ಏಪ್ರಿಲ್ ತಿಂಗಳಲ್ಲಿ ಮಾಡಿದ ಬ್ರೆಡ್ಡು ಇಟ್ಟಿಗೆಯಂತಾದರೆ ಹಿಟ್ಟನ್ನೂ ಕೈಯನ್ನೂ ದೂರುವುದಕ್ಕೆ ಮುಂಚೆ ಗೋಡೆಯ ಉಷ್ಣಮಾಪಕವನ್ನು ನೋಡಬೇಕು.

ಇದಕ್ಕೆ ಉಪಾಯಗಳು ಎರಡು. ತಂಪುಮಾಡುವುದು ಒಂದು: ನೀರು ತುಂಬಿದ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ಭರಣಿಯನ್ನು ನಿಲ್ಲಿಸಿ ಮೇಲೆ ಒದ್ದೆ ಬಟ್ಟೆ ಸುತ್ತಿರಿ. ನೀರು ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುತ್ತದೆ. ಹರವಿಯ ನೀರು ತಂಪಾಗಿರುವುದೂ ಇದೇ ನಿಯಮದಿಂದ. ಬೇಸಗೆಯ ಒಣಗಾಳಿಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಳೆಗಾಲದಲ್ಲಿ ಮಾಡುವುದಿಲ್ಲ, ಆಗ ಅಗತ್ಯವೂ ಇಲ್ಲ.

ಎರಡನೆಯದು ಉಣಿಸುವ ಪ್ರಮಾಣವನ್ನು ಬದಲಾಯಿಸುವುದು. ಹೆಪ್ಪು, ಹಿಟ್ಟು, ನೀರು ಒಂದೊಂದು ಪಾಲಾದರೆ ಹಳೆಯ ಜೀವಿಗಳು ಒಟ್ಟಿನ ಮೂರರಲ್ಲೊಂದು ಭಾಗದಲ್ಲಿವೆ. ಅವು ಹಿಂದಿನ ದಟ್ಟಣೆಗೆ ಮರಳಬೇಕಾದರೆ ಮೂರುಪಟ್ಟಾಗಬೇಕು. ಇಮ್ಮಡಿಯಾಗುವ ಲೆಕ್ಕದಲ್ಲಿ ಇದು ಸುಮಾರು 1.6 ಸಲ. ಒಂದು ಪಾಲು ಹೆಪ್ಪಿಗೆ ಐದು ಪಾಲು ಹಿಟ್ಟು, ಐದು ಪಾಲು ನೀರು ಹಾಕಿದರೆ ಹಳೆಯದು ಹನ್ನೊಂದರಲ್ಲೊಂದು; ಇಮ್ಮಡಿಯಾಗಬೇಕಾದುದು ಸುಮಾರು 3.5 ಸಲ. ಒಂದು ಸಲ ಇಮ್ಮಡಿಯಾಗಲು ಒಂದೂವರೆ ಗಂಟೆ ಬೇಕೆಂದು ಇಟ್ಟುಕೊಂಡರೆ, ಹೆಪ್ಪು ಮೇಲೇರುವ ಕಾಲ ಸುಮಾರು ಮೂರು ಗಂಟೆ ಮುಂದೆ ಹೋಗುತ್ತದೆ. ಹಿಂದಿನಿಂದ ಬಂದ ಆಮ್ಲವೂ ಅದೇ ಪ್ರಮಾಣದಲ್ಲಿ ತೆಳುವಾಗುತ್ತದೆ. ಪಕ್ವವಾದ ಹೆಪ್ಪಿಗೆ ಮಾತ್ರ ಈ ಉಪಾಯ ಸಲ್ಲುತ್ತದೆ. ಎಳೆಯ ಹೆಪ್ಪಿಗೆ ಹುಳಿಯ ಕಾವಲು ಬೇಕೆಂದು ಮೇಲೆ ಹೇಳಿದ್ದೇವೆ. ಡಿಸೆಂಬರಿನ ತಂಪಿನಲ್ಲಿ ಒಂದಕ್ಕೆ ಒಂದು, ಮಳೆಗಾಲದಲ್ಲಿ ಒಂದಕ್ಕೆ ಎರಡು, ಬೇಸಗೆಯಲ್ಲಿ ಒಂದಕ್ಕೆ ಐದು ಎಂದು ಸ್ಥೂಲವಾಗಿ ಇಟ್ಟುಕೊಳ್ಳಬಹುದು. ಹೊಸದಾಗಿ ಆರಂಭಿಸುವವರಿಗೆ ಆಷಾಢ ಶ್ರಾವಣಗಳೇ ಪ್ರಶಸ್ತ ಕಾಲವೆಂದು ನಮ್ಮ ಅಭಿಪ್ರಾಯ. ಆಗ ಇಲ್ಲಿಯ ಹವೆಯೇ 22ರಿಂದ 27 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ.

ಬ್ರೆಡ್ಡು

400 ಗ್ರಾಂ ಗೋದಿಹಿಟ್ಟು, 300 ಗ್ರಾಂ ನೀರು, ಚೆನ್ನಾಗಿ ಎದ್ದಿರುವ 80 ಗ್ರಾಂ ಹೆಪ್ಪು, 8 ಗ್ರಾಂ ಉಪ್ಪು. ಉಪ್ಪನ್ನು ಬಿಡಬಾರದು; ಅದು ರುಚಿಗಷ್ಟೇ ಅಲ್ಲ, ಗ್ಲುಟೆನ್ನನ್ನು ಬಿಗಿಮಾಡಿ ಹುದುಗುವ ವೇಗವನ್ನೂ ತಗ್ಗಿಸುತ್ತದೆ. ಚೆನ್ನಾಗಿ ನಾದಿ ಮುಚ್ಚಿಡಿರಿ. ಮಳೆಗಾಲದಲ್ಲಿ ಐದಾರು ಗಂಟೆ, ಬೇಸಗೆಯಲ್ಲಿ ಮೂರು ಗಂಟೆಯ ಸುಮಾರಿಗೆ ಕಣಕ ಒಂದೂವರೆಪಟ್ಟಾಗುತ್ತದೆ. ಎರಡುಪಟ್ಟಾಗುವ ತನಕ ಕಾಯಬೇಕಾದುದಿಲ್ಲ. ಅಚ್ಚಿಗೆ ಹಾಕಿ ಇನ್ನೊಂದು ಗಂಟೆ ಬಿಟ್ಟು 220 ಡಿಗ್ರಿಯ ಒಲೆಯಲ್ಲಿ 40 ನಿಮಿಷ ಸುಡಿರಿ. ಓವನ್ ಇಲ್ಲದವರು ಕಣಕವನ್ನು ಎರಡು ಬೆರಳು ದಪ್ಪದ ಬಿಲ್ಲೆಗಳಾಗಿ ತಟ್ಟಿ, ಎದ್ದ ಮೇಲೆ ದಪ್ಪ ತಳದ ಬಾಣಲೆಯಲ್ಲಿ ಮುಚ್ಚಳ ಹಾಕಿ ಸಣ್ಣ ಉರಿಯಲ್ಲಿ ಎರಡೂ ಮಗ್ಗುಲು ಬೇಯಿಸಬಹುದು. ಪಕ್ವವಾದ ಹೆಪ್ಪಿನಲ್ಲಿ ಉಣಿಸುವಾಗ ಮಿಕ್ಕುವುದನ್ನು ಚೆಲ್ಲಬೇಕಾದುದಿಲ್ಲ; ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ತಾಲಿಪಟ್ಟಿ ಮಾಡಿದರೆ ಬಹಳ ರುಚಿ.

ಈ ಭಾಗದಲ್ಲಿ ಬೆಳೆಯುವ ಸದಕ, ಅಂದರೆ ಜವೆಗೋದಿಯಿಂದ ಮಾಡಬಹುದೇ ಎಂಬ ಪ್ರಶ್ನೆ ಸಹಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯವು ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದ ಜವೆಗೋದಿಯ ತಳಿಗಳನ್ನು ಹೊರತಂದಿದೆ. ಹೆಪ್ಪಿಗೆ ಉಣಿಸಲು ಅದರ ಹಿಟ್ಟು ಚೆನ್ನಾಗಿಯೇ ಆಗುತ್ತದೆ. ಆದರೆ ಅದರ ಗ್ಲುಟೆನ್ ದುರ್ಬಲವಾದುದರಿಂದ ಬರಿಯ ಜವೆಗೋದಿಯ ಬ್ರೆಡ್ಡು ಎತ್ತರಕ್ಕೆ ಏಳದು. ಅರ್ಧಕ್ಕರ್ಧ ಬೆರೆಸಿದರೆ ಪರಿಮಳವೂ ಉಂಟು, ಎತ್ತರವೂ ಉಂಟು. ಜೋಳದ ಹಿಟ್ಟನ್ನು ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಸೇರಿಸುವುದು ಬೇಡ.

ಇಷ್ಟು ಶ್ರಮದಿಂದ ದೊರೆಯುವ ಲಾಭವೇನು? ಮೂರು ಸಂಗತಿಗಳನ್ನು ಧೈರ್ಯವಾಗಿ ಹೇಳಬಹುದು. ಸಿಪ್ಪೆಯ ಹಿಟ್ಟಿನಲ್ಲಿರುವ ಫೈಟಿಕ್ ಆಮ್ಲವು ಕಬ್ಬಿಣ, ಸತುಗಳನ್ನು ಬಿಗಿಯಾಗಿ ಹಿಡಿದುಕೊಂಡು ದೇಹಕ್ಕೆ ಸಿಗದಂತೆ ಮಾಡುತ್ತದೆ; ಹಿಟ್ಟು ಹುಳಿಯಾದಾಗ ಗೋದಿಯದೇ ಆದ ಕಿಣ್ವವೊಂದು ಚುರುಕಾಗಿ ಆ ಆಮ್ಲವನ್ನು ಒಡೆಯುತ್ತದೆ. ಹುಳಿ ಬ್ರೆಡ್ಡಿಗೆ ಬೂಷ್ಟು ಬೇಗ ಬರುವುದಿಲ್ಲ. ಮೂರನೆಯದಾಗಿ, ಸೆಕೆಯ ಊರುಗಳಲ್ಲಿ ಬ್ರೆಡ್ಡಿನ ತಿರುಳು ಒಮ್ಮೊಮ್ಮೆ ಅಂಟಾಗಿ, ಮುರಿದರೆ ನೂಲುನೂಲಾಗಿ ಎಳೆಯುವುದುಂಟು. ಒಲೆಯ ಶಾಖಕ್ಕೂ ಸಾಯದ ಬ್ಯಾಸಿಲಸ್ ಬೀಜಕಣಗಳ ಕೆಲಸ ಅದು. ಹುಳಿಯು ಅವನ್ನು ತಡೆಯುತ್ತದೆ. ಇದಕ್ಕೆ ಮೀರಿದ ಪವಾಡಗಳನ್ನು ಹೇಳುವವರ ಮಾತಿಗೆ ಕಿವಿಗೊಡಬೇಕಾದುದಿಲ್ಲ. ಮುಖ್ಯವಾಗಿ, ಗೋದಿ ಒಗ್ಗದ ಸೀಲಿಯಾಕ್ ರೋಗಿಗಳಿಗೆ ಮನೆಯ ಹುಳಿಬ್ರೆಡ್ಡೂ ಅಪಾಯಕರವೇ.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ

ಜೀವಿಗಳು ಹಿಟ್ಟಿನಲ್ಲಿಯೇ ಇವೆ, ಗಾಳಿಯಿಂದ ಬಂದವಲ್ಲ ಎಂಬುದನ್ನು ನಾವು ಹೇಳಿದೆವೆಂದು ನಂಬಬೇಡಿರಿ, ಪರೀಕ್ಷಿಸಿರಿ. ಮೂರು ಭರಣಿಗಳನ್ನು ಕುದಿನೀರಿನಲ್ಲಿ ತೊಳೆದು ಕ, ಖ, ಗ ಎಂದು ಗುರುತು ಮಾಡಿರಿ. ಹಿಟ್ಟಿನ ಒಂದು ಭಾಗವನ್ನು ಬಾಣಲೆಯಲ್ಲಿ ಕಂಪು ಬರುವ ತನಕ ಹುರಿದು ಆರಿಸಿರಿ. ಕ ಭರಣಿಗೆ 50 ಗ್ರಾಂ ಹಸಿ ಹಿಟ್ಟು. ಖ ಭರಣಿಗೆ 50 ಗ್ರಾಂ ಹುರಿದ ಹಿಟ್ಟು. ಗ ಭರಣಿಗೆ 50 ಗ್ರಾಂ ಹುರಿದ ಹಿಟ್ಟಿನೊಡನೆ ಒಂದು ಚಿಟಿಕೆ ಹಸಿ ಹಿಟ್ಟು. ಮೂರಕ್ಕೂ ಕಾಯಿಸಿ ಆರಿಸಿದ ನೀರನ್ನೇ ಸಮನಾಗಿ ಹಾಕಿರಿ. ಹುರಿದಾಗ ಜೀವಿಗಳಲ್ಲದೆ ಕಿಣ್ವಗಳೂ ನಾಶವಾಗುತ್ತವೆ. ಆಹಾರವಿಲ್ಲದ್ದರಿಂದ ಖ ಸುಮ್ಮನಿತ್ತೆಂದು ಜಾಣನೊಬ್ಬನು ಆಕ್ಷೇಪಿಸಬಹುದು. ಆದುದರಿಂದ ಮೂರಕ್ಕೂ ಅರ್ಧ ಚಮಚ ಸಕ್ಕರೆ ಸೇರಿಸಿರಿ. ಮೂರನ್ನೂ ಒಂದೇ ಕಪಾಟಿನಲ್ಲಿ, ಒಂದೇ ಬಗೆಯ ಬಟ್ಟೆಯಿಂದ ಮುಚ್ಚಿಡಿರಿ. ಗಾಳಿ ಮೂರಕ್ಕೂ ಒಂದೇ. ಎರಡು ದಿನಗಳ ತನಕ ಆರಾರು ಗಂಟೆಗೊಮ್ಮೆ ಗುಳ್ಳೆ, ವಾಸನೆಗಳನ್ನೂ, ಕಾಲೇಜಿನಲ್ಲಿ ದೊರೆತರೆ ಸೂಚಕ ಕಾಗದದಿಂದ ಪಿ.ಎಚ್.ನ್ನೂ ಬರೆದಿಡಿರಿ. ಕ ಮುಂದಿರುತ್ತದೆ; ಗ ಅದರ ಹಿಂದೆ ಬರುತ್ತದೆ; ಖ ಬಹಳ ಹಿಂದುಳಿಯುತ್ತದೆ. ಕೊನೆಗೆ ಖ ಭರಣಿಯೂ ಕೆಡುತ್ತದೆ. ಹುರಿದರೂ ಉಳಿದ ಬೀಜಕಣಗಳು ಅದರಲ್ಲಿರಬಹುದು, ಗಾಳಿಯಿಂದಲೂ ಒಂದಿಷ್ಟು ಬಿದ್ದಿರಬಹುದು. ಇವುಗಳಲ್ಲಿ ಯಾವುದನ್ನೂ ಬಾಯಿಗೆ ಹಾಕಬಾರದು.

ಪರೀಕ್ಷೆಯ ದಿನಗಳಲ್ಲಿ ಹೆಪ್ಪನ್ನು ನೋಡಿಕೊಳ್ಳಲು ಬಿಡುವಿಲ್ಲದಿದ್ದರೆ, ಉಣಿಸಿ ಒಂದು ಗಂಟೆಯ ಬಳಿಕ ಶೀತಕಪೆಟ್ಟಿಗೆಯಲ್ಲಿಡಿರಿ. 4 ಡಿಗ್ರಿಯಲ್ಲಿ ವಾರಕ್ಕೊಮ್ಮೆ ಉಣಿಸಿದರೆ ಸಾಕು. ಅದೂ ಆಗದಿದ್ದರೆ ಚೆನ್ನಾಗಿ ಎದ್ದ ಹೆಪ್ಪನ್ನು ತಾಟಿನ ಮೇಲೆ ತೆಳ್ಳಗೆ ಸವರಿ, ಬಿಸಿಲಿಗಿಡದೆ ನೆರಳಿನಲ್ಲಿ ಗಾಳಿಗೆ ಒಣಗಿಸಿರಿ. ಹಪ್ಪಳದಂತೆ ಗರಿಗರಿಯಾದ ಮೇಲೆ ಪುಡಿಮಾಡಿ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಬೇಕಾದಾಗ ಒಂದು ಚಮಚ ಪುಡಿಯನ್ನು ಎರಡು ಚಮಚ ಉಗುರುಬೆಚ್ಚನೆಯ ನೀರಿನಲ್ಲಿ ಒಂದು ಗಂಟೆ ನೆನೆಸಿ, ಎರಡು ಚಮಚ ಹಿಟ್ಟು ಬೆರೆಸಿರಿ. ಎರಡು ಮೂರು ಸಲ ಉಣಿಸುವುದರೊಳಗೆ ಅದು ಮತ್ತೆ ದಾರವನ್ನು ದಾಟುತ್ತದೆ.